ಕಂಡಕ್ಟರನ ಗಂಟಲು

ಅಕ್ಕಾ,

ಫೋನ್ ಎತ್ತಲಿಲ್ಲವೆಂದು ಮುನಿಯಬೇಡ. ಉಸಿರಾಡಲು ಕುತ್ತಿಗೆಗೆ ನಳಿಕೆ ಹಾಕಿದ್ದಾರೆ, ಸದ್ಯ ಮಾತು ಬಂದ್. ಬಸ್ಸಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದುಕೊಂಡಿದ್ದೆ. ನೋಡಿದರೆ ಶ್ವಾಸನಾಳದಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಗಡ್ಡೆ. ನನ್ನ ಹಾಗೆ ಎಚ್‌ಐವಿ ಇರುವವರಿಗೂ ಆ ಜಾಗದಲ್ಲಿ ಬರುವುದು ಅಪರೂಪವಂತೆ.

"ಎಲ್ಲಾ ಬಿಟ್ಟು ಇದೇ ಸೀಟು ಹಿಡೀತಲ್ಲಪ್ಪಾ ನಿನ್ ಗಡ್ಡೆ!" ಎಂದರು ಡಾಕ್ಟರಮ್ಮ. "ಕೀಮೋಗೆ ಕರಗುತ್ತೆ. ಎಚ್‌ಐವಿ ಮಾತ್ರೆ ಮಾತ್ರ ತಪ್ಪಿಸ್ಬೇಡ."

ಮೊದಲ ಸುತ್ತಿಗೇ ಗಡ್ಡೆ ಸಾಕಷ್ಟು ಇಳಿದಿದೆ.

ಬರುವಾಗ ಮುಂದೆ ಗುಂಡಿಯಿರುವ ಅಂಗಿ ತಾ; ತಲೆಯಿಂದ ತೊಡುವಂಥದ್ದು ನಳಿಕೆಗೆ ಸಿಕ್ಕಿಕೊಳ್ಳುತ್ತದೆ. ಅಮ್ಮನಿಗೆ ಗಡ್ಡೆಯ ವಿಷಯ ನೀನೇ ಹೇಳು. ಎಚ್‌ಐವಿ ವಿಷಯ ಎತ್ತಬೇಡ. ಇಷ್ಟು ವರ್ಷ ಬಾಯಿದ್ದೂ ಹೇಳಲಿಲ್ಲ. ದನಿ ಬಂದ ದಿನ ನಾನೇ ಹೇಳುತ್ತೇನೆ. ಆಗ ನೀನು ಅವಳ ಪಕ್ಕದಲ್ಲಿ ಕೂತಿರು.

ನಿನ್ನ ತಮ್ಮ