ನೀನು ದನಿ ಹಿಡಿಯುತ್ತಿದ್ದ ಸಾಲು

ಅಕ್ಕಾ,

ನೀನು ಹಾಡುವ ಹೋಟೆಲ್ಲಿನ ಮ್ಯಾನೇಜರ್ ಇವತ್ತು ಆರಾಧನೆ ಮುಗಿಯುವುದನ್ನೇ ಕಾದು, ಚರ್ಚಿನ ಬಾಗಿಲಲ್ಲಿ ನನ್ನನ್ನು ಹಿಡಿದ. ಅವನ ಸೆಂಟಿನ ವಾಸನೆಗೆ ನಮ್ಮ ಪಾದ್ರಿಯವರೇ ಸೀನಿದರು.

"ಭಾನುವಾರ ಬೆಳಿಗ್ಗೆ, ಸಂಜೆ ನಮ್ಮಲ್ಲಿ ಹಾಡಿ. ಕೈತುಂಬ ಸಂಬಳ, ಇರೋಕೆ ರೂಮು, ಓಡಾಡೋಕೆ ಕಾರು," ಎಂದ.

"ಭಾನುವಾರ ಬೆಳಿಗ್ಗೆ ನಾನು ನನ್ನ ಕರ್ತನಿಗೆ ಹಾಡ್ತೀನಿ."

"ಇಲ್ಲಿ ಏನು ಕೊಡ್ತಾರೆ?"

"ಏನೂ ಇಲ್ಲ. ಆದ್ರೆ ದನಿ ಬಿದ್ದುಹೋದ್ರೂ ಇಲ್ಲಿಂದ ಯಾರೂ ಹೊರಗೆ ಹಾಕಲ್ಲ."

ಬಾಯಿಗೆ ಬಂದದ್ದನ್ನು ಅಂದೆನಷ್ಟೆ. ಅವನು ತಲೆಯಾಡಿಸಿ, "ಅದೇ ನೋಡಿ, ನಿಮ್ಮಕ್ಕನ ದನಿ ಈಗ ಮೊದಲಿನ ಹಾಗಿಲ್ಲ. ಮುಂದಿನ ತಿಂಗಳಿಂದ ಆ ಜಾಗ ಖಾಲಿ," ಎಂದ. ಅವನು ಚಾಚಿದ ವಿಸಿಟಿಂಗ್ ಕಾರ್ಡನ್ನು ಅವನ ಜೇಬಿಗೇ ತುರುಕಿ ಕಳಿಸಿದೆ.

ಈ ಸುದ್ದಿ ನನ್ನ ಅಕ್ಷರದಲ್ಲಿ ನಿನಗೆ ತಲುಪಬಾರದು. ಅದಕ್ಕೇ ಈ ಪತ್ರ ಅಂಚೆಗೆ ಹೋಗುವುದಿಲ್ಲ. ನೀನು ನಮ್ಮ ಚರ್ಚಿನ ಕ್ವಾಯರ್ ಬಿಟ್ಟು ಹೋಟೆಲ್ಲಿಗೆ ಹೊರಟ ದಿನ "ದೇವರ ಹಾಡಿಂದ ಹೊಟ್ಟೆ ತುಂಬುತ್ತಾ, ಹುಚ್ಚೀ?" ಎಂದು ನಕ್ಕಿದ್ದೆಯಲ್ಲ. ಹೊಟ್ಟೆಯನ್ನು ಹೊಲಿಗೆ ಮಿಷನ್ ನೋಡಿಕೊಳ್ಳುತ್ತಿದೆ ಅಕ್ಕಾ. ಬಡವಿಯೇ ಇದ್ದೇನೆ, ಆದರೆ ನಡುದಾರಿಯಲ್ಲಿ ಕೈಬಿಡದವನ ಕೈ ಹಿಡಿದಿದ್ದೇನೆ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಕೀರ್ತನೆಯ ಆ ಉದ್ದ ಸಾಲಿನಲ್ಲಿ ನಾನು ಉಸಿರೆಳೆಯುವಾಗ ಪಕ್ಕದಲ್ಲಿ ನೀನು ದನಿ ಬಿಡದೆ ಹಿಡಿದಿರುತ್ತಿದ್ದೆ. ಇವತ್ತೂ ಅಲ್ಲೇ ಉಸಿರೆಳೆದೆ. ಹಾಡು ಅಲ್ಲೇ ತುಂಡಾಯಿತು.

"ಇನ್ನಾದ್ರೂ ನಿಮ್ಮಕ್ಕನ ಜಾಗಕ್ಕೆ ಬೇರೆಯವರನ್ನ ಹಾಕೋಣ್ವಾ?" ಎಂದು ಕ್ವಾಯರ್ ಮಾಸ್ಟರ್ ರೇಗಿದರು.

"ಬೇಡ," ಎಂದೆ. "ತುಂಡಾದ್ರೆ ಆಗಲಿ."