ಹೊಯಿಗೆಯ ಉಪ್ಪು

ಶೇಷಗಿರಿ ಸರ್,

ಕುಂದಾಪುರದ ಕಾಲೇಜು ಲ್ಯಾಬಿನಲ್ಲಿ ನೀವು ಒಂದು ತುಕ್ಕು ಹಿಡಿದ ಮೊಳೆಯನ್ನು ಬೆಳಕಿಗೆ ಹಿಡಿದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಕಾಣ್ ಗಿರಿಜಾ, ಇದ್ರ್ ಒಂದ್ ಬದಿ ಎಲೆಕ್ಟ್ರಾನ್ ಬಿಡತ್ತ್, ಇನ್ನೊಂದ್ ಬದಿಯಂಗೆ ಆಮ್ಲಜನಕ ಅದನ್ನ ಹಿಡಿತ್ತ್. ಎರಡೂ ಒಂದೇ ವೇಗದಂಗೆ ಆತ್ತ್" ಎಂದಿರಿ. ಆ ಸಣ್ಣ ಕರೆಂಟನ್ನು ಅಳೆದರೆ ಕಬ್ಬಿಣ ಎಷ್ಟು ಬೇಗ ಸವೆಯುತ್ತದೆಂದು ಹೇಳಬಹುದಂತೆ. ಮೀನು ಮಾರುವವಳ ಮಗಳಿಗೆ ಅಲ್ಲಿಯವರೆಗೆ ತುಕ್ಕನ್ನು ಉಜ್ಜುವುದಷ್ಟೇ ಗೊತ್ತಿತ್ತು.

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಮ್ಮೂರಲ್ಲಿ ಆಗಷ್ಟೇ ಕಟ್ಟಿದ್ದ ಜೆಟ್ಟಿಯನ್ನೇ ಆರಿಸಿಕೊಂಡೆ. ಕಟ್ಟಿ ಉಳಿದ ಹೊಯಿಗೆಯನ್ನು, ಆ ಕಡಲಂಚಿನ ಮರಳನ್ನು, ಬೈಂದೂರಿನ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಸಿಮೆಂಟಿಗೆ ಬೆರೆಸಿ, ಒಳಗೆ ಸರಳು ಹುಗಿದು ಕರೆಂಟು ಅಳೆದೆ. ಸಿಮೆಂಟಿನೊಳಗೆ ಸರಳಿನ ಮೇಲೆ ತೆಳ್ಳನೆಯ ಪದರವೊಂದು ಕಟ್ಟಿ ಅದನ್ನು ಕಾಯಬೇಕು. ಉಪ್ಪು ಹೆಚ್ಚಾದರೆ ಆ ಪದರ ಒಡೆಯುತ್ತದೆ. ನನ್ನ ಗ್ರಾಫಿನಲ್ಲಿ ಎಲೆಕ್ಟ್ರಾನ್ ಬಿಡುವ, ಹಿಡಿಯುವ ಎರಡು ಗೆರೆ ಕೂಡಿದ ಜಾಗ ನೋಡಿದರೆ ಸವೆತದ ವೇಗ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೊಯಿಗೆಯ ಉಪ್ಪನ್ನು ಯಾರೂ ತೊಳೆದಿರಲಿಲ್ಲ.

ನೀವು ತುಂಬ ಹೊತ್ತು ನೋಡಿದಿರಿ. "ನಿನ್ನ ರೀಡಿಂಗ್ ಸಮ ಇಲ್ಲೆ. ನೀನ್ ಎಲೆಕ್ಟ್ರೋಡ್ ತೊಳೀದೆ ಮಾಡಿದ್ದೆ."

"ಮೂರ್ ಸಲ ಮಾಡ್ದೆ ಸರ್, ಹಾಂಗೇ ಬತ್ತ್."

"ಕೈ ಶುದ್ಧ ಇಲ್ದಿದ್ರೆ ನೂರ್ ಸಲ ಮಾಡ್ರೂ ಹಾಂಗೇ."

ನೋಟ್‌ಬುಕ್ಕನ್ನು ಇಸಿದುಕೊಂಡು ಬೇರೆ ವಿಷಯ ಕೊಟ್ಟಿರಿ. ಲ್ಯಾಬು ನನ್ನಂಥವಳಿಗಲ್ಲ ಅಂದುಕೊಂಡೆ. ಹನ್ನೊಂದು ವರ್ಷದಿಂದ ತೆಕ್ಕಟ್ಟೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದೇನೆ. ಇವತ್ತಿಗೂ ಯಾವ ಪ್ರಯೋಗ ಮಾಡಿದರೂ ನನ್ನ ಕೈಯನ್ನೇ ಅನುಮಾನಿಸುತ್ತೇನೆ...

ಹೋದ ವರ್ಷ ಅಮ್ಮ ಮೀನಿನ ಬುಟ್ಟಿ ಹೊತ್ತು ಜೆಟ್ಟಿಯ ಮೇಲೆ ಬರುತ್ತಿದ್ದಾಗ ಕಾಲಡಿಯ ಸ್ಲ್ಯಾಬ್ ಕುಸಿಯಿತು. ಮುರಿದ ಕಾಲು ಸರಿಯಾಗಿ ಕೂಡಲೇ ಇಲ್ಲ. ನೀವು ಆಸ್ಪತ್ರೆಗೆ ಬಂದಿರಿ. ಅಮ್ಮ ಗೌರವಕ್ಕೆ ಎದ್ದು ಕೂರಲು ಹೆಣಗಿದಳು. ನೀವು ಅವಳ ಕೈ ಹಿಡಿದು, "ಎಂತ ಮಾಡುದ್? ಸಮುದ್ರದ ಗಾಳಿಗೆ ಕಬ್ಬಿಣ ಉಳಿತ್ತಾ?" ಎಂದಿರಿ. ಹಾಗೆ ಹೇಳುವಾಗ ನಿಮ್ಮ ನಾಲಿಗೆ ತಡವರಿಸಲಿಲ್ಲವೇ ಸರ್?

ನೀವು ತೀರಿಕೊಂಡ ಮೇಲೆ ನಿಮ್ಮ ಹೆಂಡತಿ ಸುಶೀಲಮ್ಮ ಪುಸ್ತಕಗಳನ್ನು ಒಯ್ಯಲು ನನ್ನನ್ನು ಕೋಟದ ಮನೆಗೆ ಕರೆದರು. ಕಪಾಟಿನಲ್ಲಿ ನನ್ನ ನೋಟ್‌ಬುಕ್ ಇತ್ತು. ಗ್ರಾಫಿನ ಕೆಳಗೆ ನಿಮ್ಮ ಕೆಂಪು ಶಾಯಿ: "ನಾನೇ ಪುನಃ ಮಾಡಿದೆ. ಇವಳದು ಸರಿ." ಅದರೊಳಗೆ ಮಡಚಿಟ್ಟ ಒಂದು ಪ್ರಮಾಣಪತ್ರದ ಪ್ರತಿ. ಜೆಟ್ಟಿಯ ಹೊಯಿಗೆ ಬಳಸಲು ಯೋಗ್ಯವೆಂದು, ನನ್ನ ಪ್ರಯೋಗಕ್ಕೂ ಮೊದಲೇ, ನೀವು ಸಹಿ ಹಾಕಿದ್ದಿರಿ.

ಮೊದಲು ತಪ್ಪಿದ್ದಿರಬಹುದು, ತಪ್ಪು ಯಾರಿಗಾಗುವುದಿಲ್ಲ? ಆದರೆ ಗೊತ್ತಾದ ಮೇಲೂ ಆ ಜೆಟ್ಟಿಯ ಮೇಲೆ ನಮ್ಮವರು ಓಡಾಡುವುದನ್ನು ನೋಡುತ್ತ ಹೇಗೆ ಸುಮ್ಮನಿದ್ದಿರಿ? ನನಗೊಬ್ಬಳಿಗಾದರೂ ಒಂದು ಮಾತು...

ನಿಮಗೆ ತಿಳಿಯದ ಸುದ್ದಿ ಇದು. ನೋಟ್‌ಬುಕ್ಕನ್ನು ಸುಶೀಲಮ್ಮನ ಮುಂದಿಟ್ಟೆ. ಓದಿದರು. ಕನ್ನಡಕ ತೆಗೆದಿಟ್ಟರು. "ಇದ್ನ ಬಂದರು ಇಲಾಖೆಗ್ ಕೊಟ್ರೆ ಸರ್ ಹೆಸ್ರ್ ಹಾಳಾತ್ತ್" ಎಂದೆ.

"ನಿನ್ನಮ್ಮನ ಕಾಲ್ ಹೋಯ್ತಲೆ. ಕೊಡ್" ಎಂದರು.

ಕೊಟ್ಟಿದ್ದೇನೆ. ಜೆಟ್ಟಿಯನ್ನು ಮುಚ್ಚಿ ಕಂಬಗಳನ್ನು ಪರೀಕ್ಷೆ ಮಾಡಿಸುತ್ತಿದ್ದಾರೆ. ಮುಂದಿನ ವಾರ ವಿಚಾರಣೆ. ಆ ಕೆಂಪು ಅಕ್ಷರ ನಿಮ್ಮದೇ ಎಂದು ಗುರುತು ಹೇಳಲು ಸುಶೀಲಮ್ಮನೇ ಬರುತ್ತಾರೆ.

ಗಿರಿಜಾ