ಮೇಲ್ಸೇತುವೆ ಹತ್ತದ ಕಾರು

ನನ್ನ ಹೆಂಡತಿ ವಿಮಲಾಗೆ,

ನೀನು ಹೋದ ಮೇಲೆ ನಿಮ್ಮಮ್ಮ ನನ್ನ ಜೊತೆ ಹೇಗೆ ಮಾತಾಡುತ್ತಿದ್ದರು ಗೊತ್ತೇ? ಅಳಿಯನೆದುರು ನಿಂತು ಮಾತಾಡಬಾರದೆಂದು ಎಲ್ಲವನ್ನೂ ನಿನ್ನ ಮೂಲಕವೇ ಹೇಳಿಸುತ್ತಿದ್ದರಲ್ಲ, ನೀನಿಲ್ಲವಾದರೂ ಆ ಕಟ್ಟುಪಾಡು ಬಿಡಲಿಲ್ಲ. ಹಾಲ್‌ನಲ್ಲಿರುವ ನಿನ್ನ ಫೋಟೊ ಮುಂದೆ ನಿಂತು, “ವಿಮ್ಲಾ, ಕಾಫಿ ಆರೋಗ್ತಿದೆ ಅಂತ ನಿಮ್ಮನೆಯವ್ರಿಗೆ ಹೇಳಮ್ಮ” ಅನ್ನುತ್ತಿದ್ದರು. ಅಲ್ಲೇ ಪೇಪರ್ ಹಿಡಿದು ಕೂತಿದ್ದ ನಾನೂ ಫೋಟೊ ಕಡೆಗೇ ತಿರುಗಿ, “ಬಂದೆ ಅಂತ ಹೇಳು” ಅನ್ನುತ್ತಿದ್ದೆ. ನಗಬೇಡ. ಮನೆ ಹಾಗೇ ನಡೆಯುತ್ತಿತ್ತು.

ಅವರಿಗೆ ಡಯಾಲಿಸಿಸ್ ಶುರುವಾದಾಗ ಗಿರೀಶ ಬಂದಿದ್ದ. ನಿನ್ನ ತಮ್ಮ ಕೆಟ್ಟವನಲ್ಲ, ಆತುರದವನು ಅಷ್ಟೇ. “ಭಾವ, ಎಲೆಕ್ಟ್ರಾನಿಕ್ ಸಿಟೀಲಿ ನಮ್ಮನೆ ಪಕ್ಕದ ರೋಡಲ್ಲೇ ಸೆಂಟರ್ ಇದೆ. ಅಮ್ಮನ್ನ ಕರ್ಕೊಂಡ್ ಹೋಗ್ತೀನಿ” ಅಂದ. ನಿಮ್ಮಮ್ಮ ಸೆರಗಿನಿಂದ ನಿನ್ನ ಫೋಟೊ ಒರೆಸತೊಡಗಿದರು. ನೀನು ಕಡೆಯ ದಿನಗಳನ್ನು ಕಳೆದ ಈ ಮನೆ ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ ಅನ್ನುವುದು ಕುರುಡನಿಗೂ ಕಾಣುತ್ತಿತ್ತು. “ಇರಲಿ ಕಣೋ, ಕಾರಿದೆಯಲ್ಲ, ನಾನೇ ಕರ್ಕೊಂಡ್ ಹೋಗ್ತೀನಿ” ಅಂದೆ. “ಆ ಡಬ್ಬಾನಾ? ಮೊದ್ಲು ಅದಕ್ಕೆ ಡಯಾಲಿಸಿಸ್ ಮಾಡ್ಸಿ ಭಾವ!”

ಹೀಗೆ ಮಾದನಾಯಕನಹಳ್ಳಿಯಿಂದ ಯಶವಂತಪುರದ ಆಸ್ಪತ್ರೆಗೆ ವಾರಕ್ಕೆ ಮೂರು ಸಲ ಓಡಾಟ ಶುರುವಾಯಿತು. ಆಟೋದ ಕುಲುಕಾಟ ಅವರಿಗೆ ತಡೆಯುವುದಿಲ್ಲ. ಹೊತ್ತಿಗೆ ಹೋಗದಿದ್ದರೆ ಮೆಷಿನ್ನನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ.

ಕಾರು ಮೊದಲ ಸಲ ಸೋತಿದ್ದು ಮಳೆಗಾಲ ಮುಗಿದ ಮೇಲೆ. ಸ್ಟಾರ್ಟ್ ಆಗುತ್ತಿತ್ತು, ಸಮ ರಸ್ತೆಯಲ್ಲಿ ಹೋಗುತ್ತಿತ್ತು. ಏರು ಬಂದರೆ ಮಾತ್ರ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಮೇಲುಸಿರು ಬಿಡುತ್ತಿತ್ತು, ಹಿಂದೆ ಕಪ್ಪು ಹೊಗೆ. ಪೀಣ್ಯದ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ತೋರಿಸಿದ. ಮಸಿ ಹಿಡಿದು ಕಾಡಿಗೆಯ ಹಾಗಿತ್ತು. ಕಾರ್ಬೊರೇಟರ್ ತೊಳೆದ, ಏರ್ ಫಿಲ್ಟರ್ ಹೊಸದು ಹಾಕಿದ. ಆದರೂ ಅದೇ ಕತೆ. “ಏಜ್ ಆಯ್ತು ಸಾರ್ ಗಾಡಿಗೆ. ಪಿಕಪ್ ಎಲ್ಲಿಂದ ಬರ್ಬೇಕು? ಕೊಟ್ಬಿಡಿ” ಅಂದ. ನನ್ನ ಮುಖ ನೋಡಿ, “ನಿಮಗಲ್ಲ ಸಾರ್, ಗಾಡಿಗೆ ಅಂದೆ” ಅಂತ ಬೇರೆ ಸೇರಿಸಿದ!

ಒಂದು ಸೋಮವಾರ ತಡವಾಗಿಯೇ ಹೋಯಿತು. ಮೆಷಿನ್ ಸಿಗಲು ಸಂಜೆಯವರೆಗೆ ಕಾದೆವು. ನಿಮ್ಮಮ್ಮನ ಕಾಲು ಊದಿ, ಉಸಿರು... ಬೇಡ, ಅದನ್ನು ಬರೆಯುವುದಿಲ್ಲ. ಗಿರೀಶ ಫೋನಿನಲ್ಲಿ, “ಇನ್ನೊಂದ್ಸಲ ಹಿಂಗಾದ್ರೆ ನಿಮ್ಮನ್ನ ಕೇಳಲ್ಲ ಭಾವ, ಬಂದು ಕರ್ಕೊಂಡ್ ಹೋಗ್ತೀನಿ” ಅಂದ. ತಪ್ಪು ಅನ್ನಲಾದೀತೇ?

ಅದಾದ ಬುಧವಾರವೇ ಪೀಣ್ಯದ ಮೇಲ್ಸೇತುವೆಯ ಏರಿನಲ್ಲಿ ಕಾರು ಮತ್ತೆ ಸೋತಿತು. ಎರಡನೇ ಗೇರಿಗೆ ಇಳಿಸಿದೆ, ಒಂದಕ್ಕೆ ಇಳಿಸಿದೆ. ಹಿಂದೆ ಕಬ್ಬಿಣ ಹೊತ್ತ ಲಾರಿ ಹಾರ್ನ್ ಮೇಲೆ ಹಾರ್ನ್. ಪಕ್ಕದಲ್ಲಿ ಹಾದ ಬೈಕಿನವನು, “ತಳ್ಳೋಕೆ ಬರ್ಲಾ ಯಜಮಾನ್ರೇ?” ಅಂತ ಕೂಗಿ ಹೋದ. ಹಿಂದಿನ ಸೀಟಿನಲ್ಲಿ ನಿಮ್ಮಮ್ಮ ಬಾಯಿಂದ ಉಸಿರಾಡುವುದು ಕೇಳಿಸುತ್ತಿತ್ತು. ನನಗೆ ಭಯವಾದರೆ ಗಟ್ಟಿಯಾಗಿ ಮಾತಾಡುತ್ತೇನಲ್ಲ, ಎಂಜಿನ್ನಿನ ನಾಲ್ಕು ಹಂತ ಅಂತ ಕಾಲೇಜಿನಲ್ಲಿ ಉರು ಹೊಡೆದಿದ್ದು ಬಾಯಿಗೆ ಬಂತು: “ಸಕ್ಷನ್, ಕಂಪ್ರೆಷನ್, ಪವರ್...” ನಾಲ್ಕನೆಯದು ನೆನಪಾಗಲಿಲ್ಲ. ಬೇಕಾಗಿಯೂ ಇರಲಿಲ್ಲ. ಮೊದಲನೆಯದೇ ಸಕ್ಷನ್, ಗಾಳಿ ಎಳೆದುಕೊಳ್ಳುವುದು. ಕಪ್ಪು ಹೊಗೆ, ಮಸಿ ಪ್ಲಗ್, ಪೆಟ್ರೋಲ್ ವಾಸನೆ. “ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ! ಫಿಲ್ಟರ್ ಹೊಸದು. ಮತ್ತೆ ಗಾಳಿ ಎಲ್ಲಿ ನಿಂತಿದೆ?” ಅಂತ ಕೂಗಿಬಿಟ್ಟೆ.

ಕಾರಿನಲ್ಲಿ ನಿನ್ನ ಫೋಟೊ ಇರಲಿಲ್ಲ, ವಿಮಲಾ.

“ಗಾಳಿ ಆ ಕರೀ ಪೈಪಲ್ಲಿ ಹೋಗೋದಾ, ಅಳಿಯಂದ್ರೇ?”

ನಿಮ್ಮಮ್ಮನ ಧ್ವನಿ. ನನಗೇ ಹೇಳಿದ ಮಾತು. ನಾನು ಕನ್ನಡಿಯಲ್ಲಿ ನೋಡಿದೆ.

“ಅದ್ರೊಳಗೆ ಇಲಿ ನುಗ್ಗೋದನ್ನ ಕಂಡೆ. ವೈರ್ ಕಡಿಯತ್ತೆ ಅಂತ ನೀವು ದಿನಾ ಬೈಕೋತಿದ್ರಿ. ಒಂದಿನ ಬಾನೆಟ್ ಎತ್ತಿಟ್ಟು ನೀವು ನೀರು ತರೋಕ್ ಹೋದಾಗ ನಾನೇ ಬಟ್ಟೆ ತುರುಕಿದೆ. ಹೇಳೋಕೆ... ಹೆಂಗ್ ಹೇಳ್ಲಿ?”

ಅಂಚಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಫಿಲ್ಟರ್ ಡಬ್ಬಿಗೆ ಗಾಳಿ ತರುವ ಪೈಪಿನ ಬಾಯಿಗೆ ಬೆರಳಿಟ್ಟರೆ ಏನೂ ಸಿಗಲಿಲ್ಲ. ಬಟ್ಟೆಯನ್ನು ಎಂಜಿನ್ನು ಪೈಪಿನ ಒಳಕ್ಕೆ ಎಳೆದುಕೊಂಡಿತ್ತು. ಲಾರಿಗಳು ಹಾದಾಗಲೆಲ್ಲ ಸೇತುವೆ ನಡುಗುತ್ತಿತ್ತು. ಕ್ಲಿಪ್ ಸಡಿಲಿಸಿ, ಪೈಪನ್ನೇ ಕಳಚಿ, ಸ್ಕ್ರೂಡ್ರೈವರ್ ತುದಿಯಿಂದ ಎಳೆದೆ. ಬಂತು ನನ್ನ ಹಳೆಯ ಬನಿಯನ್ನು, ಎಣ್ಣೆ ಜಿಡ್ಡು ಹಿಡಿದು ಮುದ್ದೆಯಾಗಿ. ಪೈಪ್ ಸಿಕ್ಕಿಸಿ ಹೊರಟೆ. ಕಾರು ಆ ಏರನ್ನು ಹತ್ತಿದ ರೀತಿ... ನೀನು ನೋಡಬೇಕಿತ್ತು. “ನಿಧಾನ! ಯಾರು ಅಟ್ಟಿಸ್ಕೊಂಡ್ ಬರ್ತಿದಾರೆ?” ಅಂದರು ಹಿಂದಿನಿಂದ. ನರ್ಸ್ ಇನ್ನೊಬ್ಬರ ಹೆಸರು ಕೂಗುವಷ್ಟರಲ್ಲಿ ನಾವು ಬಾಗಿಲಲ್ಲಿದ್ದೆವು.

ಭಾನುವಾರ ಗಿರೀಶ ಬಂದ. ಕಾರು ಸರಿಹೋಯಿತು ಅಂತ ಎಷ್ಟು ಹೇಳಿದರೂ ಕೇಳದೆ, “ಇವತ್ತು ಬನಿಯನ್ನು, ನಾಳೆ ಇನ್ನೊಂದು. ಅಮ್ಮ, ಬಟ್ಟೆ ಜೋಡಿಸ್ಕೋ” ಅಂದ. ನಿಮ್ಮಮ್ಮ ಫೋಟೊ ಹತ್ತಿರ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನ ಎದುರಿಗೆ ಬಂದು ನಿಂತರು.

“ನಾನಿಲ್ಲಿದ್ರೆ ನಿಮ್ಗೆ ಭಾರನಾ?”

“ಇಲ್ಲ” ಅಂದೆ, ಅಷ್ಟೇ.

ಅವರು ಮಗನ ಕಡೆ ತಿರುಗಿದರು. “ಕೇಳಿಸ್ತಾ? ಊಟ ಮಾಡ್ಕೊಂಡ್ ಹೋಗು.”

ಪೈಪಿನ ಬಾಯಿಗೆ ಈಗ ತಂತಿ ಜಾಲರಿ ಕಟ್ಟಿದ್ದೇನೆ, ಇಲಿ ಹೋಗುವುದಿಲ್ಲ, ಗಾಳಿ ಹೋಗುತ್ತದೆ. ಇನ್ನೆಷ್ಟು ಕಾಲ ಅಂತ ಡಾಕ್ಟರು ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ. ಇರುವಷ್ಟು ಕಾಲ ನಿಮ್ಮಮ್ಮನನ್ನು ಹೊತ್ತಿಗೆ ಸರಿಯಾಗಿ ಕರೆದುಕೊಂಡು ಹೋಗುತ್ತೇನೆ, ವಿಮಲಾ.

ನಿನ್ನ ಮನೆಯವರು